ಮೀಸೆಯಿದ್ದ ಬಾಣಂತಿ

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರೇ, ಕೈ ಹೇಗೆ ತೊಳೆಯಬೇಕು ಎಂದು ನಿಮ್ಮ ಆಸ್ಪತ್ರೆಯ ಗೋಡೆಗೆ ಬಣ್ಣದ ಚಿತ್ರ ಅಂಟಿಸಿದ್ದಾರೆ. ಹೋದ ಸಲ ಮೊಣಕಾಲು ತೋರಿಸಲು ಬಂದಾಗ ನೋಡಿದೆ. ಚೆನ್ನಾಗಿದೆ. ಆದರೆ ಗಂಡಸರನ್ನು ಬಾಗಿಲಲ್ಲಿ ಹೇಗೆ ತಡೆದು ನಿಲ್ಲಿಸಬೇಕು ಎಂದು ಯಾರೂ ಚಿತ್ರ ಬರೆದು ಅಂಟಿಸಿಲ್ಲ. ಹೆರಿಗೆ ಕೆಲಸದಲ್ಲಿ ಅರ್ಧ ವಿದ್ಯೆ ಅದೇ. ಉಳಿದ ಅರ್ಧವನ್ನು ಕೂಸು ತಾನೇ ಮಾಡಿಕೊಳ್ಳುತ್ತದೆ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಒತ್ತಕ್ಷರ ಬಂದಾಗ ಬೆರಳು ಅಡ್ಡ ತಿರುಗಿದ ಕೂಸಿನ ಹಾಗೆ ಸಿಕ್ಕಿಕೊಳ್ಳುತ್ತದೆ. ಅವಸರ ಮಾಡದೆ ಮೆಲ್ಲಗೆ ತಿರುಗಿಸಿದರೆ ಬರುತ್ತದೆ. ಔರಾದದಲ್ಲಿ ಅತ್ತೆಯ ಹಿಂದೆ ಗಂಟು ಹೊತ್ತು ಶುರು ಮಾಡಿದ ಕೆಲಸವನ್ನು ಬೀದರದ ದೊಡ್ಡ ದವಾಖಾನೆಯಲ್ಲಿ ಮುಗಿಸಿದೆ. ನಡುವೆ ಬಡ್ತಿ ಕೊಟ್ಟರು, ಶಾಲು ಹೊದಿಸಿದರು, ಶಾಲು ತೊಳೆದರೆ ಬಣ್ಣ ಬಿಟ್ಟಿತು. ಅದನ್ನೆಲ್ಲ ಬರೆದು ನನ್ನ ಬೆರಳಿಗೂ ನಿಮ್ಮ ಕಣ್ಣಿಗೂ ಯಾಕೆ ತ್ರಾಸು.

ಬರೆಯಬೇಕೆಂದಿರುವುದು ಯುದ್ಧದ ವಿಷಯ. ಹೆರಿಗೆಗೂ ಯುದ್ಧಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಾವು ಹೆರಿಸುತ್ತಿದ್ದೆವು, ಅವರು ಬಂದು ಕೇಳುತ್ತಿದ್ದರು. ಅಷ್ಟೇ ಸಂಬಂಧ.

ನನ್ನ ತವರು ಭಾಲ್ಕಿ. ದೊಡ್ಡ ಯುದ್ಧ ನಡೆದಿದ್ದಾಗ ನಾನಿನ್ನೂ ಲಂಗದ ಹುಡುಗಿ. ನಮ್ಮವ್ವ ರೈಲ್ವೆ ಸ್ಟೇಷನ್ನಿನ ಹೊರಗೆ ಸೀತಾಫಲ ಮಾರುತ್ತಿದ್ದಳು. ಹಳ್ಳಿಗಳಿಂದ ಗಂಡಸರನ್ನು ಆರಿಸಿ ತಂದು ರೈಲು ಹತ್ತಿಸುತ್ತಿದ್ದರು. ಆರಿಸುವ ಕ್ರಮ ಹೀಗಿತ್ತು: ಪಾಟೀಲನ ಜೊತೆ ಹೊಲದ ಬದುವಿಗೆ ಜಗಳ ತೆಗೆದವನು ಮೊದಲು, ಪಾಟೀಲನ ಮಗನನ್ನು ಕುಸ್ತಿಯಲ್ಲಿ ಕೆಡವಿದವನು ಆಮೇಲೆ. ಯಾರ ಮೇಲೆ ಯುದ್ಧ ಎಂದು ಹೋಗುವವನಿಗೂ ಗೊತ್ತಿಲ್ಲ, ಕಳಿಸುವವನಿಗೂ ಗೊತ್ತಿಲ್ಲ. ಒಂದು ದಿನ ಜರಿ ರುಮಾಲಿನ ದೊಡ್ಡ ಮನುಷ್ಯರೊಬ್ಬರು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಭಾಷಣ ಮಾಡಿದರು. ಗಂಡು ಹೆತ್ತ ತಾಯಂದಿರ ಜನ್ಮ ಸಾರ್ಥಕ, ತಾಲೂಕಿನ ಹೆಸರು ಬೆಳಗಿತು, ಇಂಥವು. ನಮ್ಮವ್ವ ಬುಟ್ಟಿ ತಲೆಯ ಮೇಲಿಂದ ಇಳಿಸದೆ ಕೇಳಿದಳು.

“ಸಾವಕಾರ್ರ, ನಿಮ್ಮ ಮಗ ಯಾವ ಡಬ್ಬಿಯಾಗ ಕುಂತಾನ್ರಿ? ಅವಗೊಂದು ಹಣ್ಣು ಕೊಡ್ತಿದ್ದೆ.”

ಆ ಮನುಷ್ಯರು ನಿಜವಾಗಿಯೂ ತಿರುಗಿ ಡಬ್ಬಿಗಳ ಕಡೆ ನೋಡಿದರು, ಮಗ ಎಲ್ಲಾದರೂ ಕುಂತಿದ್ದಾನೋ ಏನೋ ಎನ್ನುವ ಹಾಗೆ. ಸೀಟಿ ಊದಿತು, ಅವರ ಪುಣ್ಯ.

ಮದುವೆಯಾಗಿ ಔರಾದಕ್ಕೆ ಬಂದೆ. ಅತ್ತೆ ನೀಲವ್ವ ಸೂಲಗಿತ್ತಿ. ಔರಾದದಲ್ಲಿ ಅರ್ಧ ಊರನ್ನು ಈ ಲೋಕಕ್ಕೆ ಎಳೆದು ತಂದವಳು ಅವಳೇ. ಆಮೇಲೆ ನಾನು ಎಷ್ಟೋ ಡಾಕ್ಟರರ ಕೈಕೆಳಗೆ ದುಡಿದೆ, ಅವಳಂಥ ಮೇಲಧಿಕಾರಿ ಸಿಗಲಿಲ್ಲ. ಬೈಯುತ್ತಿರಲಿಲ್ಲ. ತಪ್ಪು ಮಾಡಿದರೆ ಸುಮ್ಮನೆ ನೋಡುತ್ತಿದ್ದಳು, ತಂಬಾಕು ಅಗಿಯುವುದು ನಿಲ್ಲಿಸಿ. ಅವಳ ಹತ್ತಿರ ಎರಡು ಗಂಟು ಇದ್ದವು. ಒಂದರಲ್ಲಿ ಅಜವಾನ, ಲೋಬಾನ. ಬಾಣಂತಿಗೆ ಬೆಚ್ಚಗೆ ಹೊಗೆ ಹಾಕಲು. ಇನ್ನೊಂದರಲ್ಲಿ ಒಣಮೆಣಸಿನಕಾಯಿ, ಉಪ್ಪು. ಕೂಸಿನ ದೃಷ್ಟಿ ತೆಗೆದು, ಹೊರಗೆ ಅಂಗಳದಲ್ಲಿ ಸುಡಲು. ಒಂದು ಒಳಗಿನದು, ಒಂದು ಹೊರಗಿನದು. ಗಂಟುಗಳ ಬಟ್ಟೆ ಮಾತ್ರ ಒಂದೇ ಹಳೆಯ ಸೀರೆಯದು.

ನಾನು ನೋಡಿದ ಮೊದಲ ಹೆರಿಗೆ ಬಂಡೆಪ್ಪನ ಮನೆಯದು. ಬಂಡೆಪ್ಪ ತೊಗರಿ ದಲಾಲಿ. ಔರಾದದಲ್ಲಿ ಮನೆ, ಬೀದರದ ಗಂಜಿನಲ್ಲಿ ವ್ಯಾಪಾರ. ಕೂಸು ಬಂತು. ಕೂಸಿನ ಹಿಂದೆ ಮಾಸೂ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇನ್ನೇನೋ ಬಂತೆಂದು ನಾನು ಹೊರಗೆ ಓಡಿ ಹೋಗಿ “ಇನ್ನೊಂದು ಬಂತ್ರಿ” ಎಂದೆ. ಅವಳಿ ಗಂಡು ಎಂದು ಬಂಡೆಪ್ಪ ಓಣಿಗೆಲ್ಲ ಸಕ್ಕರೆ ಹಂಚಿಸಿದ. ಒಳಗೆ ನೋಡಿದರೆ ಒಂದೇ ಕೂಸು, ಅದೂ ಹೆಣ್ಣು. ಅತ್ತೆ ಅಗಿಯುವುದು ನಿಲ್ಲಿಸಿ ನನ್ನನ್ನು ನೋಡಿದಳು. ಬಂಡೆಪ್ಪ ನನ್ನನ್ನು ಕೊನೆಯವರೆಗೆ ಕ್ಷಮಿಸಲಿಲ್ಲ.

ಇನ್ನು ಶರಣಪ್ಪ ಅಜ್ಜ. ಬಸವಣ್ಣನವರ ಮಾತನ್ನು ಬಾಯಿಯಲ್ಲಿ ಮಾತ್ರ ಇಟ್ಟುಕೊಳ್ಳದೆ ಮನೆಯಲ್ಲೂ ಇಟ್ಟುಕೊಂಡವರು. ಅವರದು ಎರಡು ಹಟ. ಸುಳ್ಳು ಆಡುವುದಿಲ್ಲ, ಸೂತಕ ಆಚರಿಸುವುದಿಲ್ಲ. ಹುಟ್ಟಿಗೆ ಮೈಲಿಗೆ, ಸಾವಿಗೆ ಮೈಲಿಗೆ, ಮುಟ್ಟಿಗೆ ಮೈಲಿಗೆ ಎಂದು ಊರಿಗೆ ಊರೇ ದೂರ ಸರಿದು ಕೂರುವಾಗ ಅಜ್ಜ ಕೂಸು ಬಿದ್ದ ಗಳಿಗೆಗೇ ಒಳಗೆ ಬಂದು ಎತ್ತಿಕೊಳ್ಳುತ್ತಿದ್ದರು. ಹೆಂಡತಿ ಸತ್ತಾಗಲೂ ಸೂತಕದ ಸ್ನಾನ ಮಾಡಲಿಲ್ಲ. “ಸ್ನಾನ ಮಾಡಿ ತೊಳಕೊಳ್ಳಾಕ ಆಕಿ ಏನು ಹೊಲಸಾಗಿದ್ದಳೇನು” ಎಂದಿದ್ದರಂತೆ. ಜನ ಹಿಂದೆ ನಗುತ್ತಿದ್ದರು, ಎದುರು ಕೈಮುಗಿಯುತ್ತಿದ್ದರು.

ಹೈದರಾಬಾದ ರಾಜ್ಯದ ಕೊನೆಯ ಆ ಮಳೆಗಾಲದಲ್ಲಿ ಖಾಕಿಯವರ ಕಾಟ ಹೆಚ್ಚಾಯಿತು. ಸರ್ಕಾರದ ಪಗಾರದ ಸಿಪಾಯಿಗಳಲ್ಲ, ಹೈದರಾಬಾದ ದಿಲ್ಲಿಗೆ ಸೇರಬಾರದು ಎಂದು ತಾವೇ ಅಂಗಿ ಹೊಲಿಸಿಕೊಂಡು ಫೌಜು ಆದವರು. ಔರಾದದ ತುಕಡಿಗೆ ಒಬ್ಬ ಜಮಾದಾರ. ಮೊದಲು ಜಕಾತಿ ನಾಕಾದಲ್ಲಿ ನಿಂತು ಬಂಡಿಯ ಚೀಲ ಎಣಿಸುತ್ತಿದ್ದವನು. ಖಾಕಿ ತೊಟ್ಟ ಮೇಲೆ ಮನುಷ್ಯರನ್ನು ಎಣಿಸತೊಡಗಿದ. ಬಂದೂಕು ಕಟ್ಟಿಗೆಯದು, ಬಡಿಗ ಕೆತ್ತಿಕೊಟ್ಟು ಕಪ್ಪು ಬಣ್ಣ ಬಳಿದಿದ್ದ. ದಿನಾ ಬಜಾರಿನಲ್ಲಿ ಲೆಫ್ಟ್ ರೈಟ್ ನಡೆಯುತ್ತಿತ್ತು. ಊರ ನಾಯಿಗಳು ಅವರಿಗಿಂತ ಮೊದಲು ಕಲಿತವು.

ನಗುತ್ತ ಬರೆಯುತ್ತಿದ್ದೇನೆ ಎಂದು ಅದು ನಗುವ ಕಾಲ ಎಂದುಕೊಳ್ಳಬೇಡಿ. ಸುತ್ತಲ ಹಳ್ಳಿಗಳಲ್ಲಿ ಮನೆ ಸುಟ್ಟಿದ್ದರು. ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಹೋಗಿದ್ದರು. ಕಟ್ಟಿಗೆ ಬಂದೂಕು ಇದ್ದವನ ಸೊಂಟದಲ್ಲಿ ಕತ್ತಿ ಕಬ್ಬಿಣದ್ದೇ ಇರುತ್ತಿತ್ತು. ನಮ್ಮಿಂದ ದವಸ, ಮೇವು, ಬಂಡಿ ಕಸಿಯುತ್ತಿದ್ದರು. ಮುಸಲ್ಮಾನರ ಮನೆಗಳಿಂದ ಮನೆಗೊಬ್ಬ ಹುಡುಗನನ್ನು ಕೇಳುತ್ತಿದ್ದರು. ಕೇಳುವುದು ಎನ್ನುವುದು ಮರ್ಯಾದೆಯ ಮಾತು.

ಬಂಡೆಪ್ಪ ಜಮಾದಾರನಿಗೆ ಚಹಾ ಕುಡಿಸುತ್ತಿದ್ದ. “ದಿಲ್ಲಿಯವರು ಬರ್ಲಿ ಸಾಹೇಬ್ರ, ನಿಮ್ಮ ಮುಂದ ಅವರೆಷ್ಟರವರು” ಎನ್ನುತ್ತಿದ್ದ. ಆಮೇಲೆ ನಮ್ಮ ಓಣಿಗೆ ಬಂದು “ದಿಲ್ಲಿಯವರು ಯಾವಾಗ ಬರ್ತಾರೋ ದೇವರೇ” ಎನ್ನುತ್ತಿದ್ದ. ದಲಾಲಿ ಮಾಡುವವನಿಗೆ ತಕ್ಕಡಿಯ ಎರಡೂ ಬದಿ ಬೇಕಲ್ಲ.

ಅದೇ ಹೊತ್ತಿಗೆ ಶರಣಪ್ಪ ಅಜ್ಜನ ಸೊಸೆ ಕಲ್ಲವ್ವ ಗಂಡು ಹೆತ್ತಳು. ಅವಳ ಗಂಡ ಗಡಿಯಾಚೆ ಹೋಗಿದ್ದ, ಹೆರಿಗೆ ಕಷ್ಟದ್ದಾಗಿತ್ತು. ಅದಕ್ಕೆ ನಾನೂ ಅತ್ತೆಯೂ ಅಲ್ಲೇ ಉಳಿದೆವು. ಒಂದು ಮಧ್ಯಾಹ್ನ ಪರದೆ ಕಟ್ಟಿದ ಬಂಡಿಯಲ್ಲಿ ಬೀದರದ ಖಾಸೀಂಬೀ ಬಂದಳು. ಅವಳೂ ಸೂಲಗಿತ್ತಿ, ಅತ್ತೆಯ ಹಳೆಯ ಗೆಳತಿ. ಕಠಿಣ ಹೆರಿಗೆ ಬಂದರೆ ಇವಳು ಅಲ್ಲಿಗೆ ಹೋಗುತ್ತಿದ್ದಳು, ಅವಳು ಇಲ್ಲಿಗೆ ಬರುತ್ತಿದ್ದಳು. ಹಿಂದೆ ಬುರ್ಖಾ ತೊಟ್ಟ ಎತ್ತರದ ಹೆಂಗಸೊಬ್ಬಳು ಇಳಿದಳು, ಇಳಿಯುವಾಗ ಬುರ್ಖಾ ತುಳಿದು ಮುಗ್ಗರಿಸಿದಳು.

“ನನ್ನ ತಂಗಿ” ಎಂದಳು ಖಾಸೀಂಬೀ.

ಅತ್ತೆ ಆ ಕಾಲುಗಳನ್ನು ನೋಡಿದಳು. “ನಿನ್ನ ತಂಗಿಗಿ ಚಪ್ಪಲಿ ಸಾಲಂಗಿಲ್ಲ ಖಾಸೀಂಬೀ, ಎತ್ತಿನ ಲಾಳಾನೇ ಹೊಡಸಬೇಕು. ಒಳಗ ನಡಿ.”

ಒಳಗೆ ಬುರ್ಖಾ ತೆಗೆದರೆ ಅವಳ ಮಗ ಮಹಬೂಬ. ಬಿದರಿ ಕೆಲಸದ ಹುಡುಗ, ಕರಿ ಹೂಜಿಯ ಮೇಲೆ ಬೆಳ್ಳಿ ತಂತಿ ಕೂರಿಸುವವನು. ಸಣ್ಣ ಕೆಲಸ ನೋಡಿ ನೋಡಿ ಕಣ್ಣು ಕಿರಿದು ಮಾಡುವ ಚಾಳಿ. ಮೂಗಿನ ಕೆಳಗೆ ಆಗ ತಾನೇ ಮೀಸೆ ಬಂದಿತ್ತು, ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ, ಇದೆಯೋ ಇಲ್ಲವೋ ಎಂದು.

“ಮನಿ ಮುಂದ ಬಂದು ನಿಂತಾರ ನೀಲವ್ವಾ” ಎಂದಳು ಖಾಸೀಂಬೀ. “ಕೊಡಲಿಲ್ಲಂದ್ರ ಗದ್ದಾರ್ ಅಂತಾರ, ದ್ರೋಹಿ ಅಂತಾರ. ಒಬ್ಬನೇ ಮಗ. ಎಂಟು ಹಡದು ಒಂದು ಉಳಿಸಿಕೊಂಡೇನಿ. ಊರ ಮಂದಿ ಮಕ್ಕಳೆಲ್ಲ ನಾ ಹಿಡದವರೇ, ನನ್ನ ಮಗನ್ನ ಹಿಡಕೊಳ್ಳಾವ್ರು ಯಾರೂ ಇಲ್ಲ.”

ಅತ್ತೆ ಹುಡುಗನ ಕಡೆ ತಿರುಗಿದಳು. “ನಿನಗ ಹೋಗಲಕ ಮನಸಿಲ್ಲೇನು?”

“ನನಗ ತಂತಿ ಬಡಿಯಾಕ ಬರ್ತದ ಮೌಸಿ” ಎಂದ ಮಹಬೂಬ. “ಮಂದಿ ತೆಲಿ ಬಡಿಯಾಕ ಬರಂಗಿಲ್ಲ.”

ಅಜ್ಜನನ್ನು ಕೇಳಿದೆವು. ಅಜ್ಜ ಯೋಚಿಸಲೇ ಇಲ್ಲ. “ಇರ್ಲಿ. ಉಂಡು ಉಟ್ಟು ಇರ್ಲಿ. ಆದ್ರ ನಾ ಸುಳ್ಳು ಹೇಳಂಗಿಲ್ಲ ನೀಲವ್ವ, ಅದು ಗೊತ್ತಿರ್ಲಿ.”

“ಸುಳ್ಳು ಬ್ಯಾಡ್ರಿ. ಯಾರರ ಬಂದು ಕೇಳಿದ್ರ ಒಳಗ ಬಾಣಂತಿ ಇದ್ದಾಳ ಅನ್ರಿ. ಅಷ್ಟು ಅಂದು ಬಾಯಿ ಮುಚ್ರಿ. ಅದು ಖರೇನೇ ಅದಲ್ಲರಿ?”

“ಅದು ಖರೆ” ಎಂದರು ಅಜ್ಜ.

ಅತ್ತೆಯ ಯುಕ್ತಿ ಇದೇ. ಬಾಣಂತಿ ಕೋಣೆಗೆ ಗಂಡಸರು ಬರುವುದಿಲ್ಲ. ಹಿಂದೂ ಆದರೆ ಮೈಲಿಗೆ ಎಂದು, ಮುಸಲ್ಮಾನ ಆದರೆ ಜನಾನಾ ಎಂದು. ಕೋಟೆಗೆ ಇಲ್ಲದ ಕಾವಲು ಆ ಹೊಸ್ತಿಲಿಗೆ ಇತ್ತು. ಮಹಬೂಬನ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿ, ಮೂಗಿನ ತನಕ ಕಂಬಳಿ ಹೊದಿಸಿ ಕಲ್ಲವ್ವನ ಪಕ್ಕದ ಹೊರಸಿನ ಮೇಲೆ ಮಲಗಿಸಿದೆವು. ಮೀಸೆ ಬೋಳಿಸಲು ಅತ್ತೆ ಕ್ಷೌರದ ಕತ್ತಿ ತಂದಾಗ ಮಾತ್ರ ಹುಡುಗ ಕೈ ಅಡ್ಡ ಹಿಡಿದ.

“ಮೌಸಿ, ಇದೊಂದು ಇರ್ಲಿರಿ.”

“ಇರ್ಲಿ ಬಿಡು. ಕಂಬಳಿ ಇಳಸಬ್ಯಾಡ” ಎಂದಳು ಅತ್ತೆ. 

ಖಾಸೀಂಬೀ ಬೀದರಕ್ಕೆ ಮರಳಿದಳು, ಅಲ್ಲಿ ಅವಳ ಕೈಗಾಗಿ ಕಾದವರಿದ್ದರು. ಮಹಬೂಬ ಬಾಣಂತಿಯ ಊಟ ಉಂಡ. ಅಳ್ವಿ ಪಾಯಸ, ಅಂಟಿನುಂಡೆ, ಬಿಸಿ ತುಪ್ಪ. ಯುದ್ಧಕ್ಕೆ ಹೆದರಿ ಬಂದ ಗಂಡಸರಲ್ಲಿ ದಪ್ಪ ಆದವನು ಅವನೊಬ್ಬನೇ ಇರಬೇಕು.

ಆದರೆ ಬುರ್ಖಾದ ಕೆಳಗಿನ ಕಾಲುಗಳನ್ನು ಬಂಡೆಪ್ಪನೂ ನೋಡಿದ್ದ. ಚಹಾದ ಜೊತೆ ಜಮಾದಾರನಿಗೆ ಅದನ್ನೂ ಕೊಟ್ಟ.

ಜಮಾದಾರ ನಾಲ್ಕೈದು ಜನರೊಂದಿಗೆ ಬಂದ. ಬಾಣಂತಿ ಕೋಣೆಯ ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಅಜ್ಜ ಕಟ್ಟೆಯ ಮೇಲೆ ಕುಂತಿದ್ದರು.

“ಅಜ್ಜಾ, ಒಳಗ ಯಾರಿದ್ದಾರ?”

“ಬಾಣಂತಿ ಇದ್ದಾಳ” ಎಂದರು ಅಜ್ಜ, ಅತ್ತೆ ಹೇಳಿಕೊಟ್ಟ ಹಾಗೆಯೇ.

ಜಮಾದಾರ ಹಿಂದೆ ಸರಿದ. “ಹಂಗಂದ್ರ ನಿಮಗ ಸೂತಕ. ನಡೀರಿ, ನಾವು ಒಳಗ ಹೋಗೋದು ಬ್ಯಾಡ. ಇವರ ಮಂದಿಯಾಗ ಹಡದ ಮನಿ ಮುಟ್ಟಂಗಿಲ್ಲ.”

ಅಲ್ಲಿಗೆ ಮುಗಿದಿತ್ತು. ಅತ್ತೆ ನಿಟ್ಟುಸಿರು ಕೂಡ ಬಿಟ್ಟಳು. ಆದರೆ ಸೂತಕ ಎಂಬ ಮಾತು ಕಿವಿಗೆ ಬಿದ್ದದ್ದೇ ಅಜ್ಜ ಕಟ್ಟೆಯಿಂದ ಎದ್ದು ನಿಂತರು.

“ಯಾರು ಹೇಳಿದ್ರು ನಿಮಗ ನಮ್ಮ ಮನಿಯಾಗ ಸೂತಕ ಅಂತ? ಕೂಸು ಹುಟ್ಟೋದು ಮೈಲಿಗಿ ಏನ್ರಿ? ನೀವು ಹುಟ್ಟೀರಿ, ನಾ ಹುಟ್ಟೇನಿ, ಯಾರು ಮೈಲಿಗಿ? ನಮ್ಮ ಶರಣರು ಅದನ್ನ ಎಂದೋ ತೆಗೆದು ಒಗದಾರ.”

“ಆತು ಅಜ್ಜಾ, ಇರ್ಲಿ” ಎಂದ ಜಮಾದಾರ.

“ಹ್ಯಾಂಗ ಇರ್ಲಿ? ಊರಾಗ ಹೋಗಿ ಶರಣಪ್ಪನ ಮನಿಯಾಗ ಸೂತಕ ಅದ ಅಂತ ಹೇಳ್ತೀರಿ ನೀವು. ಬರ್ರಿ, ಒಳಗ ಬರ್ರಿ. ಕೂಸಿನ ಎತ್ತಿ ನೋಡ್ರಿ. ಬರ್ರಿ ಅಂದ್ರ.”

ಜಮಾದಾರನ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಅವನು “ಜನಾನಾ ಅಜ್ಜಾ, ಜನಾನಾ” ಎಂದು ಹಿಂದಕ್ಕೆ ಜಗ್ಗುತ್ತಾನೆ. ಇವರು ಬಸವಣ್ಣನವರ ಮೇಲೆ ಆಣೆ ಮಾಡುತ್ತ ಮುಂದಕ್ಕೆ ಜಗ್ಗುತ್ತಾರೆ. ಒಳಗೆ ಬಚ್ಚಿಟ್ಟ ಹುಡುಗ ಒಬ್ಬನಿದ್ದಾನೆ ಎನ್ನುವುದು ಆ ಸಿಟ್ಟಿನಲ್ಲಿ ಅಜ್ಜನ ತಲೆಯಿಂದ ಪೂರಾ ಹಾರಿಹೋಗಿತ್ತು. ತತ್ವ ಗಟ್ಟಿ ಇರುವ ಮನುಷ್ಯರ ಜೊತೆ ಗುಟ್ಟು ಇಡುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು.

ಕಲ್ಲವ್ವ ಚಾಲಾಕಿ. ಹೆಜ್ಜೆ ಸಪ್ಪಳ ಕೇಳಿದ್ದೇ ಕೂಸನ್ನು ಎತ್ತಿ ಮಹಬೂಬನ ಕೈಗಿಟ್ಟಳು. ಕೂಸಿರುವ ಹೆಂಗಸಿನ ಮುಖವನ್ನು ಯಾರೂ ದಿಟ್ಟಿಸುವುದಿಲ್ಲ.

ಜಮಾದಾರ ಹೊಸ್ತಿಲಲ್ಲಿ ನಿಂತ. ನಾಚಿಕೆಯಿಂದ ಮೊದಲು ಮುಖ ತಿರುಗಿಸಿದ್ದ. ಆಮೇಲೆ ಕೂಸಿನ ಕಡೆ ನೋಡಿದ. “ಗಂಡೇನು?”

“ಗಂಡುರಿ” ಎಂದಳು ಅತ್ತೆ.

“ಚಲೋ ಆತು. ದೊಡ್ಡಾಂವ ಆದ ಮ್ಯಾಲ ಫೌಜಿಗಿ ಬೇಕಾಗ್ತಾನ.”

“ಮೊದಲ ಹಾಲು ಕುಡೀಲಿರಿ ಸಾಹೇಬ್ರ. ಇನ್ನಾ ಕುತಗಿ ನಿಂತಿಲ್ಲ ಅದರದು.”

ಹೊರಡಬೇಕಿತ್ತು ಅವನು. ಆದರೆ ಜಕಾತಿ ನಾಕಾದ ಬುದ್ಧಿ. ಕಣ್ಣು ಒಂದು ಹೊರಸಿನಿಂದ ಇನ್ನೊಂದಕ್ಕೆ ಹೋಯಿತು. “ಬಾಣಂತ್ಯಾರು ಇಬ್ಬರು. ಕೂಸು ಒಂದೇ ಅದ?”

ಜಮಾದಾರ ಅಜ್ಜನ ಕಡೆ ತಿರುಗಿದ. “ಅಜ್ಜಾ, ನೀವು ಸುಳ್ಳು ಹೇಳಂಗಿಲ್ಲ ಅಂತ ಊರಿಗೆಲ್ಲ ಗೊತ್ತದ. ಕೂಸಿನ ಹಿಡದಾಕಿ ಯಾರು?”

ಆಗ ಅಜ್ಜನಿಗೆ ನೆನಪಾಯಿತು. ಮುಖ ಬೂದಿಯಾಯಿತು. ಬಾಯಿ ತೆರೆದರು. ತೆರೆದ ಬಾಯಿಂದ ನಿಜವೇ ಬರುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

“ಹೊಗಿ ಹಾಕು” ಎಂದಳು ಅತ್ತೆ ನನಗೆ.

ಗಂಟಿಗೆ ಕೈ ಹಾಕಿ, ಹಿಡಿ ತುಂಬ ತೆಗೆದು, ಕೆಂಡಕ್ಕೆ ಸುರಿದೆ. ಅಜವಾನ ಎಂದುಕೊಂಡು ಸುರಿದದ್ದು ದೃಷ್ಟಿಯ ಮೆಣಸಿನಕಾಯಿ.

ಹುಡುಗಿಯರೇ, ಮುಚ್ಚಿದ ಕೋಣೆಯಲ್ಲಿ ಹಿಡಿ ಮೆಣಸಿನಕಾಯಿ ಕೆಂಡಕ್ಕೆ ಬಿದ್ದರೆ ಏನಾಗುತ್ತದೆ ಎಂದು ಯಾವ ಪ್ರಯೋಗಶಾಲೆಯಲ್ಲೂ ನೋಡಲು ಹೋಗಬೇಡಿ. ಜಮಾದಾರ ಎರಡು ಹೆಜ್ಜೆ ಹಿಂದೆ ಹೋಗಿ ಕೊಟ್ಟಿಗೆಯ ಗೋಡೆಗೆ ಹಾಯ್ದ. ಅವನ ಫೌಜು ಅವನಿಗಿಂತ ಮುಂದೆ ಓಡಿತ್ತು. ಅಜ್ಜ ಕೆಮ್ಮಿ ಕೆಮ್ಮಿ ನೆಲ ಹಿಡಿದರು. ಹೇಳಬೇಕಾದ ನಿಜ ಕೆಮ್ಮಿನಲ್ಲೇ ಹೋಯಿತು. ನಾವು ಕಲ್ಲವ್ವನನ್ನು ಹೊರಗೆ ಎಳೆದೆವು. ಮಹಬೂಬ ಮಾತ್ರ ಓಡುವ ಮೊದಲು ಕೂಸನ್ನು ಕಂಬಳಿಯೊಳಗೆ ಎದೆಗೆ ಅವುಚಿಕೊಂಡು, ಅದರ ಮುಖದ ಮೇಲೆ ತಾನು ಬಾಗಿ, ಹಿತ್ತಲ ಬಾಗಿಲಿಂದ ಹೊರಗೆ ತಂದ. ಅವನ ಕಣ್ಣುಗಳು ಕೆಂಪಾಗಿ ಊದಿದ್ದವು. ಕೂಸಿಗೆ ಏನೂ ಆಗಿರಲಿಲ್ಲ.

“ನಾಳಿ ಬರ್ತೇನಿ” ಎಂದು ಜಮಾದಾರ ರಸ್ತೆಯಿಂದ ಕೂಗಿದ. ಕಟ್ಟಿಗೆ ಬಂದೂಕನ್ನು ಕೊಟ್ಟಿಗೆಯಲ್ಲೇ ಬಿಟ್ಟು ಹೋಗಿದ್ದ. ಅತ್ತೆ ಅದನ್ನು ಬಾಣಂತಿ ಕೋಣೆಯ ಬಾಗಿಲಿಗೆ ಅಗಳಿ ಮಾಡಿದಳು. ಸರಿಯಾಗಿ ಕೂತಿತು.

ಅವನು ಮತ್ತೆ ಬರಲಿಲ್ಲ, ಯಾಕೆಂದರೆ ದಿಲ್ಲಿ ಫೌಜು ಬಂತು. ಪೋಲೀಸ್ ಆಕ್ಷನ್ ಎಂದು ಅದಕ್ಕೆ ಹೆಸರು ಎಂದು ನಮಗೆ ಆಮೇಲೆ ತಿಳಿಯಿತು. ಯುದ್ಧ ನೋಡಲು ಔರಾದದ ಜನ ಮಾಳಿಗೆ ಹತ್ತಿದರು. ಒಂದು ವಿಮಾನ ಹೋಯಿತು. ಫೌಜು ಬೇರೆ ರಸ್ತೆ ಹಿಡಿದು ಹೋಯಿತು. ಸ್ವಾಗತಕ್ಕೆಂದು ಬಂಡೆಪ್ಪ ಮಾಡಿಸಿದ್ದ ಚೆಂಡುಹೂವಿನ ಹಾರ ಎಮ್ಮೆ ತಿಂದಿತು. ಜಮಾದಾರನೂ ಅವನ ಸಂಗಡಿಗರೂ ಖಾಕಿ ಅಂಗಿಗಳನ್ನು ಬಾವಿಗೆ ಎಸೆದು ಮಾಯವಾದರು. ಖಾಕಿ ಹೊಲಿದ ದರ್ಜಿಯೇ ಬಿಳಿ ಟೋಪಿ ಹೊಲಿಯಲು ಕುಂತ. ಮೊದಲ ಟೋಪಿ ಬಂಡೆಪ್ಪನ ತಲೆಗೆ.

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಖಾಕಿಯವರು ಇದ್ದಾಗ ಹಾಸಿಗೆ ಬಿಟ್ಟು ಏಳದವರು ಈಗ ಶೂರರಾದರು. ಕೋಲು, ಕೊಡಲಿ ಹಿಡಿದು ಮುಸಲ್ಮಾನರ ಓಣಿಗಳಲ್ಲಿ ತಿರುಗಿದರು. ಓಡಿ ಹೋಗಬೇಕಾದ ಪಾಪಿಗಳು ಓಡಿ ಹೋಗಿದ್ದರು. ಸಿಕ್ಕವರು ಓಡಲು ಕಾರಣವೇ ಇಲ್ಲದವರು, ಹತ್ತಿ ಹಿಂಜುವ ಪಿಂಜಾರ, ಬಳೆ ಮಾರುವ ಮುದುಕ. ಆ ಬಳೆಗಾರನ ಮನೆಗೆ ನಾನೂ ಅತ್ತೆಯೂ ಹೋಗಿದ್ದೆವು. ಹೆರಿಗೆಗಲ್ಲ. ಅಲ್ಲಿ ನೋಡಿದ್ದನ್ನು ಫೋನಿನಲ್ಲಿ ಒತ್ತಲು ನನಗೆ ಆಗುವುದಿಲ್ಲ.

ಮಹಬೂಬ ಇನ್ನೂ ಅಜ್ಜನ ಮನೆಯಲ್ಲೇ ಇದ್ದ. ಬೀದರದ ದಾರಿಯಲ್ಲಿ ಹೋಗುವಂತಿರಲಿಲ್ಲ. ಬುರ್ಖಾದ ಕಾಲುಗಳು ಬಂಡೆಪ್ಪನಿಗೆ ನೆನಪಿದ್ದವು. ಗದ್ದಾರ್ ಎಂದು ಹುಡುಕಿಸಿದ ಹುಡುಗನನ್ನೇ ಈಗ ಖಾಕಿಯವನು ಎಂದು ಹುಡುಕಿಕೊಂಡು ಅವನು ಬಂದ. ಹಿಂದೆ ಇಪ್ಪತ್ತು ಮೂವತ್ತು ಜನ. ಎಲ್ಲ ನಮ್ಮವರೇ, ದಿನಾ ಶರಣು ಎನ್ನುವವರು.

ಒಳಗೆ ಕಲ್ಲವ್ವ ಮಹಬೂಬನ ಕೈ ಹಿಡಿದು ಹೊರಸಿನ ಮೇಲೆ ಕೂರಿಸಿದಳು. “ಮಲಗು ತಮ್ಮಾ” ಎಂದಳು. ತಾನೇ ಅವನ ತಲೆಗೆ ಬಟ್ಟೆ ಕಟ್ಟಿ, ಕೂಸನ್ನು ಕೊಟ್ಟಳು. ನಾನು ಕಟ್ಟಿಗೆ ಬಂದೂಕನ್ನು ಬಾಗಿಲಿಗೆ ಅಡ್ಡ ಹಾಕಿದೆ. ಆದರೆ ಈ ಸಲ ಯುಕ್ತಿ ನಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಜಮಾದಾರ ಪರಕೀಯ, ಹೊಸ್ತಿಲಿಗೆ ಹೆದರಿದ. ಇವರಿಗೆ ಶರಣಪ್ಪನ ಮನೆಯಲ್ಲಿ ಸೂತಕ ಇಲ್ಲ, ಬಾಣಂತಿ ಕೋಣೆಗೆ ಯಾರು ಬೇಕಾದರೂ ಹೋಗಬಹುದು ಎಂದು ಚೆನ್ನಾಗಿ ಗೊತ್ತು. ಎಷ್ಟೋ ಜನ ಹೋಗಿ ಕೂಸು ನೋಡಿ ಬಂದಿದ್ದರು. ಅತ್ತೆ ನನ್ನನ್ನು ಕರೆದುಕೊಂಡು ಹಿತ್ತಲಿಂದ ಸುತ್ತಿ ಅಂಗಳಕ್ಕೆ ಬಂದಳು.

ಅಜ್ಜ ತಲೆಬಾಗಿಲಲ್ಲಿ ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತಿದ್ದರು.

“ಸರೀರಿ ಅಜ್ಜಾ” ಎಂದ ಬಂಡೆಪ್ಪ. “ಒಳಗ ಯಾರಿದ್ದಾರ ನಮಗ ಗೊತ್ತದ. ನಿಮ್ಮ ಮ್ಯಾಲ ನಮದೇನೂ ಸಿಟ್ಟಿಲ್ಲ. ಅವನ್ನ ಕೊಡ್ರಿ, ಹೋಗ್ತೇವಿ.”

“ಒಳಗ ಬಾಣಂತಿ ಇದ್ದಾಳ” ಎಂದರು ಅಜ್ಜ.

“ಇರ್ಲಿರಿ. ನಿಮ್ಮಲ್ಲಿ ಅದೆಲ್ಲ ನಡಸಂಗಿಲ್ಲಲ್ಲ. ನಾವು ಒಳಗ ಬಂದು ನೋಡ್ತೇವಿ.”

“ಬರಬ್ಯಾಡ. ನಮಗ ಸೂತಕ ಅದ.”

ಬಂಡೆಪ್ಪ ನಕ್ಕ, ಹಿಂದಿನವರೂ ನಕ್ಕರು. “ಕೇಳ್ರಪ್ಪಾ, ಶರಣಪ್ಪ ಅಜ್ಜಗ ಸೂತಕ ಅಂತ. ಹೆಣ್ತಿ ಸತ್ರ ಇರಲಿಲ್ಲ, ಮೊಮ್ಮಗ ಹುಟ್ಟಿದ್ರ ಇರಲಿಲ್ಲ, ಇವತ್ತ ಬಂತೇನ್ರಿ ಅಜ್ಜಾ? ಎಲ್ಲಿಂದ ಬಂತು? ಈ ವಯಸ್ಸಿನಾಗ ಸುಳ್ಳು ಯಾಕರಿ?”

“ಸುಳ್ಳಲ್ಲ” ಎಂದರು ಅಜ್ಜ. ಅವರ ದನಿ ಏರಲಿಲ್ಲ. “ಹುಟ್ಟಿದ್ದಕ್ಕ ಇಲ್ಲ. ಸತ್ತಿದ್ದಕ್ಕ ಇಲ್ಲ. ನೀ ಆ ಬಳೆಗಾರನ ಮನಿಯಿಂದ ನೆಟ್ಟಗ ಇಲ್ಲಿ ಬಂದು ನನ್ನ ಬಾಗಲದಾಗ ನಿಂತೀದಿ. ಈಗ ಹತ್ತೇದ ನಮಗ ಸೂತಕ. ನಿನ್ನ ಕೋಲು ನೋಡಿಕೋ.”

ಬಂಡೆಪ್ಪ ನೋಡಿಕೊಳ್ಳಲಿಲ್ಲ. ಆದರೆ ಹಿಂದೆ ನಿಂತವರು ನೋಡಿದರು. ಒಬ್ಬ ತನ್ನ ಕೊಡಲಿಯನ್ನು ಧೋತರದ ಹಿಂದೆ ಸರಿಸಿದ.

ಅತ್ತೆ ಆ ಗಳಿಗೆಯನ್ನು ಬಿಡಲಿಲ್ಲ. ಹೆರಿಗೆಯಲ್ಲಿ ಯಾವಾಗ ಎಳೆಯಬೇಕು ಎನ್ನುವುದು ಗೊತ್ತಿದ್ದವಳು. ಗುಂಪಿನ ನಡುವೆ ನುಗ್ಗಿದಳು.

“ಏ ಗುಂಡಪ್ಪಾ, ನೀ ಕಾಲು ಮುಂದ ಮಾಡಿ ಬಂದಿದ್ದಿ. ನಿಮ್ಮವ್ವ ಸಾಯ್ತಿದ್ದಳು, ನಾ ತಿರಗಿಸಿದೆ. ಏ ಕಾಶೀ, ನಿನ್ನ ಕೊಳ್ಳಿಗಿ ಕರುಳು ಸುತ್ತಿತ್ತು, ನೀಲಿ ಆಗಿದ್ದಿ, ಬಾಯಾಗ ಊದಿ ಉಸುರು ಕೊಟ್ಟೇನಿ. ಇದಕ್ಕೇನು ಆ ಉಸುರು? ಬಂಡೆಪ್ಪಾ, ನಿನ್ನ ಹೆಣ್ತಿಗಿ ದಿನ ತುಂಬ್ಯಾವ. ಈ ಹೊಸ್ತಿಲ ದಾಟು. ನಾಳಿ ನನ್ನ ಕರಿಯಾಕ ಬರ್ತಿಯಲ್ಲ, ಆಗ ನಾನೂ ಅಂತೇನಿ, ನಮಗ ಸೂತಕ ಅದ ಅಂತ. ನಾನೂ ಬರಂಗಿಲ್ಲ, ನನ್ನ ಸೊಸಿನೂ ಬರಂಗಿಲ್ಲ. ನಿಮ್ಮ ಯಾರ ಮನಿಗೂ ಬರಂಗಿಲ್ಲ. ನೀವೇ ಹಡಕೊಳ್ರಿ, ಗಂಡಸರಲ್ಲೇನು.”

ಯಾರೋ ಹಿಂದಿನಿಂದ ಕೆಮ್ಮಿದರು. ಕಾಶಿ ಎನ್ನುವವನು “ನಡೀರಿ, ಬಿಡ್ರಿ, ಮುದುಕರ ಜೋಡಿ ಏನು” ಎಂದ. ಗುಂಪು ಒಡೆಯುವುದು ಜೋಳದ ಚೀಲ ಹರಿದ ಹಾಗೆ. ಒಂದು ಕಾಳು ಬಿದ್ದರೆ ಎಲ್ಲ ಬೀಳುತ್ತವೆ. ಬಂಡೆಪ್ಪ ಕೊನೆಗೆ ಹೋದ, ಟೋಪಿ ಸರಿ ಮಾಡಿಕೊಳ್ಳುತ್ತ.

ಅವರು ಹೋದ ಮೇಲೆ ಅಜ್ಜ ನೀರು ತರಿಸಿದರು. ಹೆಂಡತಿ ಸತ್ತಾಗ ಮಾಡದ ಸ್ನಾನವನ್ನು ತಲೆಬಾಗಿಲ ಹೊರಗೆ, ಅವರು ನಿಂತಿದ್ದ ಜಾಗದಲ್ಲೇ ಕುಂತು ಮಾಡಿದರು. ನಾನೇ ನೀರು ಹಾಕಿದೆ.

“ಎಷ್ಟು ದಿನದ್ದುರಿ ಅಜ್ಜಾ ಈ ಸೂತಕ?” ಎಂದು ಅತ್ತೆ ಕೇಳಿದಳು, ಅರ್ಧ ಚೇಷ್ಟೆಗೆ.

“ಗೊತ್ತಿಲ್ಲ ನೀಲವ್ವ. ಹುಟ್ಟಿಗಿ, ಸಾವಿಗಿ ಮಂದಿ ದಿನ ಹೇಳ್ತಾರ. ಇದಕ್ಕ ಯಾರೂ ಹೇಳಿಲ್ಲ.”

ಕೆಲವು ದಿನಗಳಲ್ಲೇ ಬಂಡೆಪ್ಪ ಓಡಿ ಬಂದ. ಟೋಪಿ ಇರಲಿಲ್ಲ. ಅಜ್ಜನ ಅಂಗಳದಲ್ಲಿ ನಿಂತು ಅತ್ತೆಯ ಕಡೆ ನೋಡಿದ. ಅತ್ತೆ ತಂಬಾಕು ಉಗುಳಿ, ಗಂಟು ಎತ್ತಿಕೊಂಡಳು. ನಮ್ಮ ಕೆಲಸದಲ್ಲಿ ಬೆದರಿಕೆ ಹಾಕಬಹುದು, ನಡೆಸುವ ಹಾಗಿಲ್ಲ. ಆದರೆ ಹೊರಡುವ ಮುಂಚೆ ಒಳಗೆ ಕೂಗಿದಳು. “ಮಹಬೂಬಾ, ಬಾ. ಬಿಸಿನೀರು ಹೊರಲಕ ಆಳು ಬೇಕು.”

ಅವತ್ತು ಹಗಲೆಲ್ಲ ಬಂಡೆಪ್ಪನ ಹಿತ್ತಲಲ್ಲಿ ಮಹಬೂಬ ನೀರು ಕಾಯಿಸಿದ. ಬುರ್ಖಾ ಇಲ್ಲ, ಕಂಬಳಿ ಇಲ್ಲ, ಮೀಸೆ ಬಿಟ್ಟುಕೊಂಡು. ಕೊಡ ತಂದು ಹೊಸ್ತಿಲಲ್ಲಿ ಇಡುತ್ತಿದ್ದ. ಗಂಡು ಕೂಸು ಹುಟ್ಟಿ, ಮೊದಲ ಸ್ನಾನದ ನೀರು ಕೇಳಿದಾಗ ಬಂಡೆಪ್ಪ ಆ ಕೊಡವನ್ನು ಮಹಬೂಬನ ಕೈಯಿಂದ ತಾನೇ ತೆಗೆದುಕೊಂಡ. ಬಂಡೆಪ್ಪ ನೆಲ ನೋಡುತ್ತಿದ್ದ. ಈ ಸಲ ಸಕ್ಕರೆಯನ್ನೂ ಹಂಚಲಿಲ್ಲ.

ದಾರಿ ಸರಿಯಾದ ಮೇಲೆ ಮಹಬೂಬನನ್ನು ಬೀದರಕ್ಕೆ ಮುಟ್ಟಿಸಿದೆವು. ಖಾಸೀಂಬೀ ಅವನ ಮುಖ ಸವರಿ “ದಪ್ಪ ಆಗ್ಯಾನಲ್ಲೇ” ಎಂದು ಅಳುತ್ತ ನಕ್ಕಳು. ಕಣ್ಣು ಮಂಜಾಗುವ ತನಕ ಅವನು ತಂತಿ ಬಡಿದ. ಕಲ್ಲವ್ವನ ಕೂಸಿಗೆ ಅವನು ಮಾಡಿಕೊಟ್ಟ ಬಿದರಿಯ ಕಾಡಿಗೆ ಡಬ್ಬಿ ಈಗಲೂ ಆ ಮನೆಯಲ್ಲಿದೆ.

ಆಮೇಲೆ ಸರ್ಕಾರ ನಮಗೆ ತರಬೇತಿ ಕೊಟ್ಟಿತು. ಬೀದರದ ಲೇಡಿ ಡಾಕ್ಟರು ಮೊದಲ ದಿನವೇ ಹೊಗೆ ನಿಲ್ಲಿಸಿದರು. ಕೂಸಿನ ಪುಪ್ಪುಸಕ್ಕೆ ಕೆಟ್ಟದ್ದು ಎಂದರು. ಸರಿಯೇ ಹೇಳಿದರು. ಒಂದು ಸಲ ಅದೇ ಹೊಗೆ ಉಪಕಾರಕ್ಕೆ ಬಂದಿತ್ತು ಎಂದು ನಾನು ಹೇಳಲು ಹೋಗಲಿಲ್ಲ. ಗ್ಲೌಸು ಬಂತು, ಇಂಜೆಕ್ಷನ್ ಬಂತು. ಮತ್ತೆ ಮತ್ತೆ ಯುದ್ಧವೂ ಬಂತು. ಒಂದರಲ್ಲಿ ವಾರ್ಡಿನ ಕಿಟಕಿಗೆಲ್ಲ ಕರಿ ಕಾಗದ ಅಂಟಿಸಿದೆವು. ಪ್ರತಿ ಸಲವೂ ಯಾರಾದರೊಬ್ಬರು ಚೌಕದಲ್ಲಿ ನಿಂತು ಮನೆಗೊಬ್ಬ ಮಗನನ್ನು ಕೊಡಿ ಎಂದು ಗುಡುಗುತ್ತಿದ್ದರು. ನಾನು ದೂರದಲ್ಲಿ ನಿಂತು ನಮ್ಮವ್ವನ ಸೀತಾಫಲ ನೆನೆಯುತ್ತಿದ್ದೆ.

ಮೊನ್ನೆ ನಮ್ಮ ಓಣಿಯ ಫೋನಿನ ಗುಂಪಿನಲ್ಲಿ ಒಂದು ಸಂದೇಶ ಬಂತು. ಯುದ್ಧ ಆಗಲೇಬೇಕಂತೆ. ಮನೆಗೊಬ್ಬರು ಹೊರಡಬೇಕಂತೆ. ಒಳಗಿರುವ ಗದ್ದಾರರನ್ನು ಮೊದಲು ನೋಡಿಕೊಳ್ಳಬೇಕಂತೆ. ಬೆಂಕಿಯ ಚಿತ್ರ, ಕತ್ತಿಯ ಚಿತ್ರ. ಕಳಿಸಿದವನು ಬಂಡೆಪ್ಪನ ಮಗ. ಅದೇ ಕೂಸು. ಎಪ್ಪತ್ತು ಮುಟ್ಟುತ್ತಿದ್ದಾನೆ, ಸಕ್ಕರೆ ಕಾಯಿಲೆ, ಮಾಳಿಗೆ ಹತ್ತಲು ಮೊಣಕಾಲು ಬಿಡುವುದಿಲ್ಲ.

ಬೆರಳಿಂದ ಒಂದೊಂದೇ ಅಕ್ಷರ ಒತ್ತಿ ಬರೆದೆ. “ತಮ್ಮಾ, ನಿನ್ನ ಮೊದಲನೇ ಸ್ನಾನದ ನೀರು ಹೊತ್ತು ತಂದಾಂವ ಯಾರು, ನಿಮ್ಮಪ್ಪ ಹೇಳ್ಯಾನೇನು?”

ಸಂಜೆಯ ಹೊತ್ತಿಗೆ ಅವನೇ ಕೋಲೂರಿಕೊಂಡು ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡಲು ಹೋದ.

“ಯಾರದು ಆಯಿ? ಅಪ್ಪ ಏನೂ ಹೇಳಿಲ್ಲ.”

“ಹೇಳ್ತೇನಿ” ಎಂದೆ. “ಅಲ್ಲೇ ನಿಂದ್ರು. ಮೊದಲ ಕೈ ತೊಳಕೊಂಡು ಬಾ.”